ಕಾರಿನಡಿಯ ಮೇಷ್ಟ್ರು

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನ ಮನೆಯಲ್ಲಿ ಒಂದು ಹಳೇ ಕಾರಿದ್ದರೆ, ನೆರೆಹೊರೆಯವರಿಗೆ ನಾಟಕ ನೋಡಲು ಬೇರೆಲ್ಲಿಗೂ ಹೋಗುವ ಕಷ್ಟವಿರುವುದಿಲ್ಲ. ವಿದ್ಯಾರಣ್ಯಪುರದ ನಮ್ಮ ಅಂಗಳದಲ್ಲಿ ಇಂಥದ್ದು ವರ್ಷಕ್ಕೊಂದಾದರೂ ನಡೆಯುತ್ತಿತ್ತು. ಆಗ ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷ ಆಗಿತ್ತು. ನಮ್ಮ ಬೀದಿಗೆಲ್ಲ ಅದೊಂದೇ ಕಾರು. ಅದನ್ನು ಕೊಂಡವನು ನಾನಲ್ಲ. ನಮ್ಮ ಮಾವನವರು ದಳ್ಳಾಳಿಯೊಬ್ಬನ ಮಾತು ಕೇಳಿ ಕೊಂಡಿದ್ದರು. ಹಳ್ಳಿಯ ಗಾಡಿಜಾಡಿನಲ್ಲಿ ಅದು ಹೊಟ್ಟೆ ತಗುಲಿಸಿಕೊಂಡು ನಿಂತುಬಿಟ್ಟಾಗ, ಮಗಳ ಮನೆಗೆ ಸಾಗಹಾಕಿದರು.

ನನ್ನ ಹೆಂಡತಿಗೆ ಕಾರಿನ ಮೇಲೆ ಕೋಪವಿರಲಿಲ್ಲ. ನಾನು ಅದರ ಕೆಳಗೆ ಹೋಗಿ ಮಲಗುತ್ತಿದ್ದುದೊಂದೇ ಅವಳಿಗೆ ಸಂಕಟ. ಅವಳ ಸೋದರಮಾವ ಎತ್ತಿನಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದಾಗ, ಗಾಡಿಗೆ ಆಸರೆ ಕೊಟ್ಟಿದ್ದ ಕೋಲು ಜಾರಿ ಒಂದು ಕಾಲು ಕಳೆದುಕೊಂಡಿದ್ದರು. ಅದನ್ನು ಅವಳು ಕಣ್ಣಾರೆ ಕಂಡಿದ್ದಳು. “ಕಾರಿಗೂ ಎಣ್ಣೆ ಹಾಕ್ಸಿ, ಯಾರು ಬ್ಯಾಡ ಅಂದ್ರು? ಅದರ ಕೆಳೀಕೆ ನೀವೇ ಯಾಕೆ ನುಗ್ಗಬೇಕು?” ಎನ್ನುತ್ತಿದ್ದಳು. ನಾನು ನಕ್ಕುಬಿಡುತ್ತಿದ್ದೆ. ಆ ನಗು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

೧. ಸದ್ದಿಲ್ಲದ ಕಾರು

ಕಾರಿನ ಹಿಂದಿನ ಎರಡು ಚಕ್ರಗಳ ನಡುವೆ, ಅಚ್ಚಿನ ಮಧ್ಯದಲ್ಲಿ, ಸಣ್ಣ ಕುಂಬಳಕಾಯಿಯಷ್ಟು ದಪ್ಪನೆಯ ಕಬ್ಬಿಣದ ಗುಂಡೊಂದು ಇರುತ್ತದೆ. ಅದಕ್ಕೆ ಡಿಫರೆನ್ಷಿಯಲ್ ಎಂದು ಹೆಸರು. ಒಳಗಿನ ಹಲ್ಲುಚಕ್ರಗಳು ಸವೆಯದಂತೆ ಅದರಲ್ಲಿ ಮಂದವಾದ ಎಣ್ಣೆ ಇರಬೇಕು. ಆಗಾಗ ಹಳೆಯದನ್ನು ಇಳಿಸಿ ಹೊಸದನ್ನು ತುಂಬಬೇಕು.

ಮೊದಲ ಸಲ ಈ ಕೆಲಸಕ್ಕೆ ಕಾರು ರಿಪೇರಿಯ ಮೇಸ್ತ್ರಿಯನ್ನು ಮನೆಗೇ ಕರೆಸಿದ್ದೆ. ಅವತ್ತು ಮಾವನವರೂ ಊರಿಂದ ಬಂದಿದ್ದರು. ಮೇಸ್ತ್ರಿ ಗುಂಡಿನ ಕೆಳಗಿನ ಬಿರಡೆ ಬಿಚ್ಚಿದ. ಬೋಗುಣಿಗೆ ಬಿದ್ದದ್ದು ಎಣ್ಣೆಯಲ್ಲ, ಶ್ರಾದ್ಧದ ಊಟದ ರಸಾಯನವಿದ್ದಂತೆ ಏನೋ ಲೋಳೆ.

ಮಾವನವರು ಬಗ್ಗಿ ಮೂಸಿದರು. “ಬಾಳೆಹಣ್ಣಲ್ವೇನಯ್ಯ?”

“ಬಾಳೆಹಣ್ಣು, ಮರದ ಹೊಟ್ಟು ಎರಡೂ ಅವೆ ಸ್ವಾಮಿ,” ಎಂದ ಮೇಸ್ತ್ರಿ. “ಹಲ್ಲು ಸವೆದ ಕಾರು ಕೂಗ್ತದೆ. ಮಾರೋ ದಿನ ಇದನ್ನ ತುಂಬಿಬುಟ್ರೆ ಬಾಯಿ ಮುಚ್ಕೊಂಡು ಓಡ್ತದೆ.”

ಮಾವನವರು ಆ ಕಾರನ್ನು ಕೊಂಡದ್ದೇ ಅದಕ್ಕೆ ಸದ್ದಿಲ್ಲವೆಂದು. ಮೇಸ್ತ್ರಿ ಒಳಗೆಲ್ಲ ತೊಳೆದು ಒಳ್ಳೆಯ ಎಣ್ಣೆ ತುಂಬಿದ. ಮಾವನವರನ್ನು ಹಿಂದೆ ಕೂರಿಸಿಕೊಂಡು ಅಗ್ರಹಾರದವರೆಗೆ ಹೋಗಿಬಂದೆ. ದಾರಿಯುದ್ದಕ್ಕೂ ಕಾರು ಗೋಳೋ ಎಂದಿತು. ತರಗತಿಯಲ್ಲಿ ಬಾಯಿ ಬಿಡದೆ ಕೂತ ಹುಡುಗರನ್ನೆಲ್ಲ ಪಾಠ ಅರ್ಥವಾದವರು ಎಂದುಕೊಂಡು ನಾನು ಎಷ್ಟು ವರ್ಷ ಮುಂದೆ ಹೋಗಿದ್ದೆನೋ ಎಂದು ಆಗ ಅನ್ನಿಸಿತು. ಕೂಗುವುದೇ ಎಷ್ಟೋ ವಾಸಿ, ಎಲ್ಲಿ ನೋವು ಎಂದಾದರೂ ತಿಳಿಯುತ್ತದೆ.

ಮಾವನವರಿಗೆ ಈ ಕೂಗು ಒಪ್ಪಿಗೆಯಾಗಲಿಲ್ಲ. “ಅದರ ಪಾಡಿಗದು ಹಣ್ಣು ತಿನ್ಕೊಂಡು ತೆಪ್ಪಗಿತ್ತು. ಹರಳೆಣ್ಣೆ ಕುಡಿಸ್ದಂಗೆ ಕುಡಿಸಿ ಅಳಿಸ್ಬುಟ್ರಲ್ಲ, ಅಳಿಯಂದ್ರೇ!”

೨. ಮೇಲಿನ ಬಿರಡೆ

ಮರುವರ್ಷ, ಇಷ್ಟಕ್ಕೆಲ್ಲ ಮೇಸ್ತ್ರಿ ಯಾಕೆ ಎಂದು ನಾನೇ ಕೈಹಾಕಿದೆ. ಆ ಗುಂಡಿಗೆ ಎರಡು ಬಿರಡೆ. ಕೆಳಗಿನದು ಹಳೇ ಎಣ್ಣೆ ಇಳಿಸಲು, ಮೇಲಿನದು ಹೊಸ ಎಣ್ಣೆ ತುಂಬಲು. ಕೆಳಗಿನದು ಸಲೀಸಾಗಿ ಬಂತು, ಎಣ್ಣೆ ಪೂರ್ತಿ ಇಳಿಯಿತು. ಮೇಲಿನದು ಜಪ್ಪಯ್ಯ ಎಂದರೂ ಕದಲಲಿಲ್ಲ.

ಈಗ ಹೊಸ ಎಣ್ಣೆ ತುಂಬುವ ಹಾಗಿಲ್ಲ, ಎಣ್ಣೆಯಿಲ್ಲದೆ ಕಾರನ್ನು ಮೇಸ್ತ್ರಿಯ ಅಂಗಡಿಗೆ ಓಡಿಸುವ ಹಾಗೂ ಇಲ್ಲ. ಒಂದು ಗಂಟೆ ಬಿರಡೆ ಬಿಚ್ಚುವ ಪಾನ ಹಿಡಿದು ಗುದ್ದಾಡಿದೆ. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು: “ತುಂಬೋ ಬಾಯಿ ತೆರೀತದೋ ಇಲ್ವೋ ನೋಡ್ದೆ ಒಳಗಿರೋದನ್ನ ಚೆಲ್ಲೋರುಂಟೇ?” ಪ್ರಯೋಗ ಶುರುಮಾಡುವ ಮೊದಲು ಸಲಕರಣೆಗಳನ್ನೆಲ್ಲ ಪರೀಕ್ಷಿಸಿಕೊಳ್ಳಬೇಕೆಂದು ಹಿಂದಿನ ದಿನ ತಾನೇ ಹುಡುಗರಿಗೆ ಬರೆಸಿದ್ದೆ.

ಹೇಳಿಕಳಿಸಿದ ಮೇಲೆ ಮೇಸ್ತ್ರಿ ಸೈಕಲ್ ಮೇಲೆ ಬಂದ. “ಯಾವ ಕಡೆ ತಿರುಗಿಸಿದ್ರಿ, ತೋರಿಸಿ ಸಾರ್,” ಎಂದ. ತೋರಿಸಿದೆ. ಬಿರಡೆ ಇದ್ದದ್ದು ಗುಂಡಿನ ಆಚೆ ಮಗ್ಗುಲಲ್ಲಿ. ನಾನು ಈಚೆಯಿಂದ ಕೈ ಬಳಸಿ, ಈಚೆಗೆ ಯಾವುದು ಎಡವೋ ಆ ಕಡೆಗೆ ತಿರುಗಿಸುತ್ತಿದ್ದೆ. ಆಚೆಯಿಂದ ನೋಡಿದರೆ ಅದು ಬಲ.

ಮೇಸ್ತ್ರಿ ನಗಲಿಲ್ಲ. ತುಂಬ ಗೌರವದಿಂದ ಹೇಳಿದ: “ಸಾರ್, ನೀವು ಒಂದು ಗಂಟೆಯಿಂದ ಬಿಗೀತಾ ಇದ್ದೀರಿ. ರಜದಲ್ಲಿ ನಮ್ಮ ಅಂಗಡಿಗೆ ಬಂದ್ಬುಡಿ. ಇಷ್ಟು ಭದ್ರವಾಗಿ ಬಿಗಿಯೋ ಆಳು ನಮ್ಮಲ್ಲಿ ಒಬ್ಬನೂ ಇಲ್ಲ.”

೩. ಯಾರೋ ಒಬ್ಬರು

ಮೂರನೆಯದನ್ನು ಹೇಳುವಾಗ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ.

ಒಂದು ಭಾನುವಾರ ಬೆಳಿಗ್ಗೆ ಎಣ್ಣೆ ಬದಲಿಸಲೆಂದು ಹಿಂಭಾಗಕ್ಕೆ ಜಾಕಿ ಕೊಟ್ಟು ಕಾರನ್ನು ಎತ್ತಿ ನಿಲ್ಲಿಸಿದೆ. ಹೆಂಡತಿ ಬಂದಳು. “ಈಗ್ತಾನೆ ಅಂಗಳಕ್ಕೆ ಸಗಣಿನೀರು ಹಾಕಿದ್ದೀನಿ. ನೆಲ ಇನ್ನೂ ಹಸಿ ಅದೆ ಕಣ್ರೀ. ಜಾಕಿ ಜಾರಿದ್ರೆ?”

ನಾನು ಅವಳಿಗೆ ಗುರುತ್ವಕೇಂದ್ರ, ಘರ್ಷಣೆ, ಸಮತೋಲನ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಎಲ್ಲಾ ಸರಿ. ನಮ್ಮ ಸೋದರಮಾವನ ಗಾಡಿಗೆ ಇದೆಲ್ಲ ಗೊತ್ತಿರ್ಲಿಲ್ಲ. ಅವತ್ತಿಂದ ನಮ್ಮಪ್ಪ ಅಚ್ಚಿನಡೀಕೆ ಕಲ್ಲು ಕೊಡ್ದೆ ಗಾಡಿ ಕೆಳಗೆ ತಲೆ ಹಾಕಿಲ್ಲ.”

ಅಷ್ಟು ಹೇಳಿ, ಎದುರುಮನೆಯಾಕೆಯನ್ನು ಕರೆತಂದಳು. ಹಿತ್ತಿಲಲ್ಲಿದ್ದ ಒರಳುಕಲ್ಲನ್ನು ಇಬ್ಬರೂ ಉರುಳಿಸಿಕೊಂಡು ಬಂದರು. ಅದನ್ನು ಅಚ್ಚಿನ ಕೆಳಗೆ ನಿಲ್ಲಿಸಿ, ಮೇಲೊಂದು ಊಟದ ಮಣೆ ಇಟ್ಟರು. “ನಿನ್ನ ಸಮಾಧಾನಕ್ಕೆ ಇರಲಿ,” ಎಂದು ಹೇಳಿ ನಾನು ಕೆಳಗೆ ನುಸುಳಿದೆ.

ಬಿರಡೆಗೆ ಪಾನ ಕೊಟ್ಟು ಜಗ್ಗಿದೆನೋ ಇಲ್ಲವೋ, ಜಾಕಿಯ ಕಾಲು ಹಸಿನೆಲದಲ್ಲಿ ಹೂತು ವಾಲಿತು. ಕಾರು ಧೊಪ್ಪೆಂದು ಕುಸಿಯಿತು. ಮಣೆ ಎರಡು ಹೋಳಾಯಿತು. ಒರಳು ಅಲುಗಲಿಲ್ಲ. ನನ್ನ ಎದೆಗೂ ಕಬ್ಬಿಣಕ್ಕೂ ನಡುವೆ ನಾಲ್ಕು ಬೆರಳು ಜಾಗ ಉಳಿದಿತ್ತು. ಬದುಕಿದ್ದೇನೆ ಎಂದು ತಿಳಿಯಿತು, ಆದರೆ ಬಾಯಿಂದ ಸ್ವರ ಹೊರಡಲಿಲ್ಲ.

ಆಗ ಅವಳು ಕೂಗಿದಳು: “ಪುಟ್ಟಸ್ವಾಮೀ!”

ನಮಗೆ ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಅವಳ ಬಾಯಲ್ಲಿ ನಾನು ಯಾವತ್ತೂ “ಇವ್ರು”, “ಏನೂಂದ್ರೆ”, ಇಲ್ಲವೇ “ನೋಡಿ ಇಲ್ಲಿ”. ಗಂಡನ ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂದು ಅವಳ ತಾಯಿ ಹೇಳಿಕೊಟ್ಟಿದ್ದರು. ರೇಷನ್ ಕಾರ್ಡಿನ ಗುಮಾಸ್ತ ಬಂದು ಯಜಮಾನರ ಹೆಸರು ಕೇಳಿದಾಗ, ಅವರು ಬಂದ ಮೇಲೆ ಅವರನ್ನೇ ಕೇಳಿ ಎಂದು ಅವನನ್ನು ಎರಡು ಸಲ ವಾಪಸು ಕಳಿಸಿದ್ದಳು. ಬೀದಿಯವರಿಗೂ ನಾನು ಬರೀ ಮೇಷ್ಟ್ರು.

ಎದುರುಮನೆಯ ಜವಳಿ ಅಂಗಡಿ ಯಜಮಾನರು ಪಂಚೆ ಸುತ್ತಿಕೊಳ್ಳುತ್ತಾ ಓಡಿಬಂದರು. ಕಾರಿನಡಿಯಿಂದ ಎರಡು ಪಾದಗಳಷ್ಟೇ ಕಾಣುತ್ತಿದ್ದವು. ಅವನ್ನು ನೋಡಿದವರೇ ನಮ್ಮ ಮನೆಯೊಳಕ್ಕೆ ತಿರುಗಿ ಕೂಗಿಕೊಂಡರು:

“ಮೇಷ್ಟ್ರೇ! ಒಳಗಿದ್ದೀರಾ? ಬೇಗ ಬನ್ನಿ! ಯಾರೋ ಪುಟ್ಟಸ್ವಾಮಿ ಅನ್ನೋರು ನಿಮ್ಮ ಕಾರಿನಡಿ ಸಿಕ್ಕಾಕೊಂಡವ್ರೆ!”

ಆಗ ನನ್ನ ಸ್ವರ ಹೊರಟಿತು. “ಬಂದೆ ಯಜಮಾನ್ರೇ,” ಎಂದೆ. “ಸ್ವಲ್ಪ ಕಾರು ಎತ್ತಿ.”

ಬೀದಿಯವರು ಸೇರಿ ಕಾರೆತ್ತಿದರು. ಈಚೆ ಬಂದು ನೋಡುತ್ತೇನೆ, ಅವಳು ಜಗಲಿಯ ಕಂಬ ತಬ್ಬಿಕೊಂಡು ಅಳುತ್ತಿದ್ದಳು. ನನಗೂ ಅಳು ಬಂತು. ಎಣ್ಣೆ ಕೈಯಲ್ಲಿ ಕಣ್ಣೊರೆಸಿಕೊಂಡೆ.

ಸಂಜೆ ಅವಳು ಕಾಫಿ ಕೊಡುವಾಗ ಕೇಳಿದೆ: “ನನ್ನ ಹೆಸರು ಕೂಗಿದೆಯಲ್ಲ?”

“ನಾನೆಲ್ಲಿ ಕೂಗ್ದೆ?” ಎಂದಳು. “ಕೂಗಿದ್ದು ಎದುರುಮನೆಯೋರು.”

ನನ್ನ ಹೆಸರು ಅಷ್ಟು ಚೆನ್ನಾಗಿದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇನ್ನೊಂದು ಸಲ ಕೇಳಬೇಕೆಂದು ಆಸೆ. ಆದರೆ ಅಂದಿನಿಂದ ನಾನು ಒಣನೆಲ ನೋಡಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿಯಡಿಗೆ ಹಲಗೆ ಹಾಕಿ, ಅಚ್ಚಿನಡಿ ಒರಳಿಟ್ಟು, ಕೊನೆಗೆ ಅವಳ ಅಪ್ಪಣೆ ಪಡೆದು ಕೆಳಗೆ ಹೋಗುತ್ತೇನೆ. ಇಷ್ಟೆಲ್ಲ ಆದ ಮೇಲೆ ಅವಳಿಗೆ ನನ್ನ ಹೆಸರು ಕೂಗುವ ಸಂದರ್ಭ ಎಲ್ಲಿಂದ ಬರಬೇಕು?