ಹನುಮಪ್ಪನ ಗುಡ್ಡಕ್ಕೆ ಐದು ಸುತ್ತು

ದೇವರ ಕೆಲಸಕ್ಕೆಂದು ಶುದ್ಧ ಮನಸ್ಸಿನಿಂದ ಹೊಸ್ತಿಲು ದಾಟಿದವನಿಗೂ ನಗೆಪಾಟಲಾಗುವುದು ತಪ್ಪುವುದಿಲ್ಲ. ನನಗಂತೂ ತಪ್ಪಿದ್ದೇ ಇಲ್ಲ. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಶುಕ್ರವಾರ ಹೊರಟು ಭಾನುವಾರ ಮನೆ ಸೇರುವುದರೊಳಗೆ ಎಷ್ಟು ಆಯಿತೋ ಅಷ್ಟನ್ನೂ ಇಲ್ಲಿ ಬರೆದಿದ್ದೇನೆ. ದೇವರನ್ನು ಕುರಿತು ನಕ್ಕಿದ್ದಲ್ಲ, ನಮ್ಮನ್ನು ಕುರಿತು ನಕ್ಕಿದ್ದು.

ಬಾಕಿ ಉಳಿದ ಹರಕೆ

ನಮ್ಮದು ಮಾಡದಕೆರೆ ಕಡೆಯ ಒಂದು ಹಳ್ಳಿ. ಅದರ ಹಿಂದಿನ ವರ್ಷ ನನಗೆ ವಿಷಮಶೀತ ಜ್ವರ ಬಂದು ಇಪ್ಪತ್ತು ದಿನ ಮೇಲೇಳಲಿಲ್ಲ. ಆಗ ನನ್ನ ಮನೆಯವಳು ಹರಕೆ ಹೊತ್ತಳು. ಮಾರಿಕಣಿವೆ ಹಿನ್ನೀರಿನ ನಡುವೆ ಒಂದು ಗುಡ್ಡ ದ್ವೀಪದ ಹಾಗೆ ನಿಂತಿದೆ. ಅದರ ಬುಡದಲ್ಲಿ ಹನುಮಪ್ಪನ ಸಣ್ಣ ಗುಡಿ. 'ಇವರನ್ನ ಎಬ್ಬಿಸಿ ಕೂರಿಸಪ್ಪ, ಇವರಿಂದಲೇ ನಿನ್ನ ಗುಡ್ಡಕ್ಕೆ ಐದು ಸುತ್ತು ಹಾಕಿಸ್ತೀನಿ' ಎಂದು ಬೇಡಿಕೊಂಡಳು. ಹನುಮಪ್ಪ ತನ್ನ ಪಾಲಿನ ಕೆಲಸ ಮುಗಿಸಿದ. ನಾನು ಬಿತ್ತನೆ ಅಂದೆ, ಕೊಯ್ಲು ಅಂದೆ, ಕಾಲಲ್ಲಿ ಶಕ್ತಿಯಿಲ್ಲ ಅಂದೆ. ವರ್ಷ ಕಳೆಯಿತು.

ಆಮೇಲೆ ಮನೆಯಲ್ಲಿ ಏನಾದರೂ ಅದಕ್ಕೆ ನಾನೇ ಕಾರಣ. ಎಮ್ಮೆ ಒದ್ದರೆ, "ಹರಕೆ ಬಾಕಿ ಐತಲ್ಲ, ಇನ್ನೇನಾಗ್ತದೆ?" ಮುದ್ದೆ ಗಂಟುಗಂಟಾದರೆ, "ಹರಕೆ ಬಾಕಿ ಐತಲ್ಲ." ಒಂದು ದಿನ ಪಕ್ಕದ ಮನೆಯ ಬೆಕ್ಕು ನಮ್ಮ ಮೊಸರಿನ ಗಡಿಗೆ ಉರುಳಿಸಿತು. ಕೇಳೋಣವೆಂದು ನಾನು ಹೋದರೆ ಆ ಮನೆಯ ಅಜ್ಜಿ ಸಮಾಧಾನವಾಗಿ ಹೇಳಿದಳು:

"ಬೆಕ್ಕು ನಮ್ದೇ ಕಣಪ್ಪ, ಇಲ್ಲ ಅನ್ನಲ್ಲ. ತಪ್ಪು ಮಾತ್ರ ನಿಂದು."

ಪೂಜಾರಪ್ಪನ ಅಪ್ಪಣೆ

ಕಾಲಲ್ಲಿ ಶಕ್ತಿಯಿಲ್ಲ ಎಂಬ ನನ್ನ ನೆಪಕ್ಕೆ ಔಷಧಿ ಕಂಡುಹಿಡಿದವರು ನಮ್ಮೂರ ಶಾಲೆಯ ಮೇಷ್ಟ್ರು. "ಸೈಕಲ್ ಮೇಲೆ ಸುತ್ತಿದ್ರಾಯ್ತು. ನೀರು ಇಳಿದೈತೆ, ಗುಡ್ಡದ ಸುತ್ತ ದಾರಿ ಎದ್ದಿರ್ತದೆ. ನಾನೂ ಬರ್ತೀನಿ, ಬೇಸಿಗೆ ರಜ ಐತೆ" ಎಂದರು. ಮೇಷ್ಟ್ರಿಗೆ ಸೈಕಲ್ ಬರುತ್ತಿರಲಿಲ್ಲ, ನನ್ನ ಹಳೆಯ ಸೈಕಲ್ಲು ಇಬ್ಬರ ಭಾರ ತಡೆಯುತ್ತಿರಲಿಲ್ಲ. ಆದ್ದರಿಂದ ನಮ್ಮ ಮೂರನೆಯ ಗೆಳೆಯ ಟೈಲರ್‌ನನ್ನೂ ಹೊರಡಿಸಿದೆವು. ಅವನ ಹತ್ತಿರ ಮಾವ ಮದುವೆಯಲ್ಲಿ ಕೊಟ್ಟ ಸೈಕಲ್ ಇತ್ತು. ಹ್ಯಾಂಡಲ್ಲಿಗೆ ಕುಚ್ಚು, ಸೀಟಿಗೆ ತಾನೇ ಹೊಲಿದ ಮಖಮಲ್ಲಿನ ಕವರು. ಅದನ್ನು ಅವನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಹಿಂದೆ ಯಾರು ಬೇಕಾದರೂ ಕೂರಬಹುದು, ಮುಂದೆ ಅವನೊಬ್ಬನೇ.

"ನಿನಗೇನಾದ್ರೂ ಬೇಡ್ಕಳಾದು ಐತೇನಪ್ಪ?" ಎಂದು ಕೇಳಿದೆ.

"ನಂಗೇನೂ ಬೇಡಣ್ಣ. ನೀವು ಕರೆದ್ರಿ, ಬಂದೆ."

ಶುಕ್ರವಾರ ಸಂಜೆ ಹಿನ್ನೀರಿನ ದಡದ ಹಳ್ಳಿ ಸೇರಿ ಆ ಗುಡಿಯ ಪೂಜಾರಪ್ಪನ ಮನೆಯ ಜಗಲಿಯಲ್ಲಿ ಇಳಿದೆವು. ನನ್ನ ಮನಸ್ಸಿಗೆ ಅಳುಕು. ದೇವರನ್ನು ಸೈಕಲ್ ಮೇಲೆ ಸುತ್ತಬಹುದೇ? ಮುದುಕ ಪೂಜಾರಪ್ಪನನ್ನೇ ಕೇಳಿದೆ. ಆತ ಎಲೆಗೆ ಸುಣ್ಣ ಸವರುತ್ತ ಬಹಳ ಹೊತ್ತು ಯೋಚಿಸಿದ. ಆಮೇಲೆ ಮೂರು ಕಟ್ಟಳೆ ಹೇಳಿದ. ಕಾಲಲ್ಲಿ ಚಪ್ಪಲಿ ಇರಕೂಡದು. ಗುಡ್ಡ ಯಾವಾಗಲೂ ಬಲಗಡೆಗೇ ಇರಬೇಕು. ಏನೇ ಆದರೂ ಹಿಂದಕ್ಕೆ ತಿರುಗಕೂಡದು. ತಿರುಗಿದರೆ ಸುತ್ತಿದ್ದೆಲ್ಲ ಬಿಚ್ಚಿಕೊಳ್ಳುತ್ತದೆ.

"ಉಂಡೆ ದಾರ ಬಿಚ್ಕಂಡಂಗೆ" ಎಂದ ಟೈಲರ್.

"ಸರಿಯಾಗಿ ಹೇಳ್ದೆ."

"ಹಾಗಾದ್ರೆ ಸೈಕಲ್ಲಿಗೆ ಅಡ್ಡಿಯಿಲ್ಲ ತಾನೆ?" ಎಂದು ನಾನು ಮತ್ತೆ ಕೇಳಿದೆ.

ಪೂಜಾರಪ್ಪ ಎಲೆ ಬಾಯಿಗಿಟ್ಟುಕೊಂಡು ಹೇಳಿದ: "ಸಮುದ್ರವನ್ನೇ ಹಾರ್ಕಂಡು ಹೋದೋನಪ್ಪ ಆತ. ಒಂದು ಹೆಜ್ಜೆನಾದ್ರೂ ನಡೆದ್ನಾ? ನಿಮ್ಮನ್ನ ಯಾವ ಬಾಯಲ್ಲಿ ಕೇಳ್ತಾನೆ?"

ನೀರಿನ ಮೇಲೆ ಬೆಲ್ಲು

ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ ಹರಿಗೋಲು ಹತ್ತಿದೆವು. ಪೂಜಾರಪ್ಪ ಮೊದಲೇ ಒಂದು ಸಲಕ್ಕೆ ದಾಟಿ ಹೋಗಿದ್ದ. ಆಮೇಲೆ ನಾವು ಮೂರು ಜನ, ಎರಡು ಸೈಕಲ್ಲು. ಟೈಲರ್ ತನ್ನ ಸೈಕಲ್ಲನ್ನು ಮಲಗಿಸಲು ಒಪ್ಪಲಿಲ್ಲ. ನಿಲ್ಲಿಸಿಕೊಂಡು, ಮದುವಣಗಿತ್ತಿಯನ್ನು ಹಿಡಿದ ಹಾಗೆ ಎರಡು ಕೈಯಲ್ಲಿ ಹಿಡಿದು ನಿಂತ.

ಹರಿಗೋಲು ನೆಟ್ಟಗೆ ಹೋಗುವ ವಾಹನವಲ್ಲ. ಬುಗುರಿಯ ಹಾಗೆ ತಿರುಗುತ್ತ ಹೋಗುತ್ತದೆ. ಅದೂ ಎಡಕ್ಕೆ. ಇದೇ ಅಪ್ರದಕ್ಷಿಣೆ ಆಗಿಬಿಟ್ಟರೆ ಎಂದು ನನಗೆ ಚಿಂತೆಯಾಯಿತು. "ಇದು ನನ್ನ ಲೆಕ್ಕ, ನಿಮ್ಮ ಲೆಕ್ಕಕ್ಕೆ ಬರಲ್ಲ, ಕುಂತ್ಕಳ್ರಿ ಯಜಮಾನ್ರೆ" ಎಂದ ಹರಿಗೋಲಿನವ.

ನಡುನೀರಿಗೆ ಬಂದಾಗ ಎದುರಿಗೆ ಏಳೆಂಟು ಎಮ್ಮೆಗಳು. ತಲೆ ಮಾತ್ರ ಮೇಲಿಟ್ಟುಕೊಂಡು ಈಜುತ್ತ ನಮ್ಮ ದಾರಿಗೇ ಅಡ್ಡ ಬಂದವು. ಹರಿಗೋಲಿನವ "ಹೋ, ಹೋಯ್" ಎಂದು ಕೂಗಿದ, ಹುಟ್ಟಿನಿಂದ ನೀರು ಬಡಿದ. ಎಮ್ಮೆಗಳು ಕೇಳಲಿಲ್ಲ. ತಾಗಿದರೆ ನಾವೆಲ್ಲ ನೀರಿಗೆ. ನಾನು ಕಣ್ಣು ಮುಚ್ಚಿ ರಾಮನಾಮ ಹಿಡಿದೆ. ಟೈಲರ್‌ಗೆ ಗಾಬರಿಯಲ್ಲಿ ಬೇರೇನೂ ತೋಚಲಿಲ್ಲ, ಸೈಕಲ್ ಬೆಲ್ಲು ಹೊಡೆದ. ಟ್ರಿಣ್, ಟ್ರಿಣ್. ಎಮ್ಮೆಗಳೆಲ್ಲ ಒಟ್ಟಿಗೆ ತಲೆಯೆತ್ತಿ ನೋಡಿ, ಎರಡು ಭಾಗವಾಗಿ ಸರಿದು, ನಡುವೆ ದಾರಿ ಬಿಟ್ಟವು.

ಹರಿಗೋಲಿನವ ಹುಟ್ಟು ಹಾಕುವುದನ್ನೇ ನಿಲ್ಲಿಸಿ ಹೇಳಿದ: "ನಮ್ಮಪ್ಪನ ಕಾಲದಿಂದ ಇಲ್ಲಿ ಹುಟ್ಟು ಹಾಕ್ತಿದೀವಿ. ಇದೊಂದು ಗೊತ್ತಿರಲಿಲ್ಲ ನೋಡ್ರಿ."

ರೊಟ್ಟಿ ಗಂಟು

ಗುಡ್ಡದ ಸುತ್ತಳತೆ ಒಂದೂವರೆ ಮೈಲಿ ಇದ್ದೀತು. ನೀರು ಇಳಿದ ಜಾಗದಲ್ಲಿ ಕಲ್ಲುಮಣ್ಣಿನ ದಾರಿ. ಬರಿಗಾಲು. ನನ್ನ ಸೈಕಲ್ಲಿನ ಪೆಡ್ಲಿಗೆ ರಬ್ಬರ್ ಹೋಗಿ ಯಾವ ಕಾಲವಾಗಿತ್ತೋ, ಬರೀ ಕಬ್ಬಿಣ. ಗುಡಿಯ ಮುಂದೆ ಕಾಯಿ ಒಡೆದು ಹೊರಟೆವು. ಮುಂದೆ ನಾನು, ಹಿಂದೆ ಟೈಲರ್, ಅವನ ಕ್ಯಾರಿಯರ್ ಮೇಲೆ ಮೇಷ್ಟ್ರು.

ಒಂದು ನೂರು ಮಾರು ಹೋಗಿರಬಹುದು, ಮೇಷ್ಟ್ರು ಕೂಗಿದರು: "ರೊಟ್ಟಿ ಗಂಟು!"

ಗುಡಿಯ ಬೇವಿನ ಮರದ ಕೆಳಗೆ ಬಿಟ್ಟು ಬಂದಿದ್ದೆವು. ಕತ್ತು ಹೊರಳಿಸಿದರೆ ಅಲ್ಲೇ ಕಾಣುತ್ತಿತ್ತು. ಆದರೆ ತಿರುಗಿ ಹೋಗುವ ಹಾಗಿಲ್ಲ.

"ನಾನು ಇಳಿದು ಓಡಿಹೋಗಿ ತರ್ತೀನಿ" ಎಂದರು ಮೇಷ್ಟ್ರು.

"ಬ್ಯಾಡ್ರಿ ಮೇಷ್ಟ್ರೆ, ದಾರ ಬಿಚ್ಕಳ್ತದೆ" ಎಂದ ಟೈಲರ್.

ಆದ್ದರಿಂದ ಕಣ್ಣೆದುರಿಗಿದ್ದ ರೊಟ್ಟಿಗೆ ಒಂದೂವರೆ ಮೈಲಿ ಸುತ್ತಿ ಬಂದೆವು. ಬಂದು ನೋಡಿದರೆ ಗಂಟಿಲ್ಲ. ಪೂಜಾರಪ್ಪನೂ ಇಲ್ಲ. ಹಸಿವು ತಡೆದುಕೊಂಡು ಎರಡನೆಯ ಸುತ್ತು ಹಿಡಿದೆವು. ಅರ್ಧ ದಾರಿಯಲ್ಲಿ ಮುಂದೆ ಒಬ್ಬ ಮುದುಕ ಬೀಸುಗಾಲಿನಲ್ಲಿ ಹೋಗುತ್ತಿರುವುದು ಕಂಡಿತು. ಪೂಜಾರಪ್ಪ! ಕೈಯಲ್ಲಿ ನಮ್ಮ ಗಂಟು.

"ಪೂಜಾರಪ್ಪಾ, ನಿಂತ್ಕಳ್ರಿ!" ಎಂದು ಮೂವರೂ ಕೂಗಿದೆವು. ನಮ್ಮ ಕೂಗು ಗುಡ್ಡಕ್ಕೆ ಬಡಿದು ಮುಂದಿನಿಂದ ಕೇಳಿಸಿತು. ಪೂಜಾರಪ್ಪ ಗಂಟು ಮೇಲೆತ್ತಿ, "ಬಂದೆ, ಬಂದೆ, ನೀವೇ ನಿಂತ್ಕಳ್ರಿ!" ಎಂದು ಮುಂದಕ್ಕೆ ಓಡಲು ಶುರುಮಾಡಿದ. ನಾವು ಕೂಗಿದಷ್ಟೂ ಆತ ಜೋರಾಗಿ ಓಡಿದ. ಕೊನೆಗೆ ಕೂಗುವುದನ್ನು ನಿಲ್ಲಿಸಿದ ಮೇಲೆ ಸಿಕ್ಕಿದ.

ಏದುಸಿರು ಬಿಡುತ್ತ ನಮ್ಮನ್ನು ಮೇಲಿಂದ ಕೆಳಗೆ ನೋಡಿದ. "ಹಸಿದಿರ್ತಾರೆ, ಪಾಪ, ಅಂತ ಹಿಂದೆ ಬಂದ್ರೆ, ನೀವು ನನ್ನ ಹಿಂದೇನೇ ಬರ್ತಿದೀರಲ್ರಿ!"

"ಅಲ್ಲೇ ಕುಂತಿದ್ರೆ ನಾವೇ ಬರ್ತಿದ್ವಲ್ಲ ಪೂಜಾರಪ್ಪ" ಎಂದೆ.

"ಅದು ನಂಗೂ ಅರ್ಧ ದಾರೀಲಿ ಹೊಳೀತು. ತಿರುಗಾಕೆ ಆಗ್ತದಾ? ಕಟ್ಟಳೆ ಹೇಳಿದೋನು ನಾನೇ."

ಎಷ್ಟಾಯಿತು?

ಬಿಸಿಲು ಏರಿತು. ಒಂದೊಂದು ಸುತ್ತಿಗೂ ಬೇವಿನ ನೆರಳಲ್ಲಿ ಕೂತು, ನೀರು ಕುಡಿದು, ಮತ್ತೆ ಹೊರಡುತ್ತಿದ್ದೆವು. ಊಟದ ಮೇಲೆ ಒಂದು ನಿದ್ದೆಯೂ ಆಯಿತು. ಎದ್ದು ಇನ್ನೊಂದು ಸುತ್ತು ಮುಗಿಸಿದಾಗ ಮೇಷ್ಟ್ರು, "ಅಂತೂ ಐದಾಯ್ತಪ್ಪ" ಎಂದರು.

"ನಾಕು" ಎಂದ ಟೈಲರ್.

ನನ್ನ ಎಣಿಕೆಯಲ್ಲಿ ಮೂರೇ ಆಗಿತ್ತು. ಮನೆಗೆ ಹೋದ ಕೂಡಲೇ ನನ್ನ ಮನೆಯವಳು ಮುಖ ನೋಡಿ ಕೇಳುವುದು ಒಂದೇ ಮಾತು: 'ಐದೂ ಆಯ್ತಾ?' ದೇವರ ವಿಷಯದಲ್ಲಿ ಅವಳ ಮುಂದೆ ಸುಳ್ಳು ಹೇಳುವ ಧೈರ್ಯ ನನಗಿಲ್ಲ. ಇನ್ನೊಂದು ವರ್ಷ ಎಮ್ಮೆಯ ಒದೆಗೂ ಬೆಕ್ಕಿನ ಕಳ್ಳತನಕ್ಕೂ ಹೊಣೆ ಹೊರುವ ಶಕ್ತಿಯೂ ಇಲ್ಲ.

"ಚಿಂತೆ ಬ್ಯಾಡ. ಸುತ್ತಿಗೊಂದರಂತೆ ಗುಡಿ ಮುಂದೆ ಕಲ್ಲಿಟ್ಟಿದೀನಿ" ಎಂದರು ಮೇಷ್ಟ್ರು.

"ನಾನೂ ಇಟ್ಟಿದೀನಿ" ಎಂದ ಟೈಲರ್.

ನಾನೂ ಇಟ್ಟಿದ್ದೆ. ಹೋಗಿ ನೋಡಿದರೆ ಒಂದೇ ಗುಡ್ಡೆಯಲ್ಲಿ ಹನ್ನೊಂದು ಕಲ್ಲು. ಮೇಷ್ಟ್ರು ಮೂರರಿಂದ ಭಾಗಿಸಿ ನೋಡಿದರು, ಹೋಗಲಿಲ್ಲ. ಯಾರೋ ಒಬ್ಬರು ಒಂದು ಸಲ ಮರೆತಿದ್ದೆವು, ಅಥವಾ ಇಬ್ಬರು ಒಂದೊಂದು ಹೆಚ್ಚಿಗೆ ಇಟ್ಟಿದ್ದೆವು. ಯಾರೆಂದು ಯಾರೂ ಒಪ್ಪಲಿಲ್ಲ.

ಆಗ ಹರಿಗೋಲಿನವನ ನೆನಪಾಯಿತು. ಆತ ಬೆಳಗಿನಿಂದ ದಡದಲ್ಲಿ, ನಮ್ಮ ದಾರಿಯ ಪಕ್ಕದಲ್ಲೇ, ಹರಿಗೋಲು ಬೋರಲು ಹಾಕಿಕೊಂಡು ಅದರ ನೆರಳಲ್ಲಿ ಮಲಗಿದ್ದ. "ನಾವು ಎಷ್ಟು ಸಲ ಹೋದದ್ದು ನೋಡಿದೆಯಪ್ಪ?" ಎಂದು ಕೇಳಿದೆ.

"ಎಷ್ಟು ಸಲ ಅಂತ ಯಾರು ನೋಡಿದ್ರು? ಎಂಟು ಸೈಕಲ್ ಹೋದ್ವು."

ಮೇಷ್ಟ್ರ ಮುಖ ಅರಳಿತು. "ಎಂಟಕ್ಕೆ ಎರಡು. ನಾಲ್ಕು! ನಾಲ್ಕೇ ಆಗಿರೋದು!"

ನಾನು ಮನಸ್ಸಿನಲ್ಲೇ ಹನುಮಪ್ಪನಿಗೆ ಕೈಮುಗಿದೆ. ಹರಿಗೋಲಿನವ ಎದ್ದು ಕೂತು ನಮ್ಮನ್ನು ಎಚ್ಚರಿಸಿದ:

"ತರುವಾಗ ಎರಡು ತಂದೆ, ಓಡಾಡಿದ್ವು ಎಂಟು. ವಾಪಸ್ ಹೋಗುವಾಗ ಎಂಟನ್ನೂ ಒಂದೇ ಸಲ ಹೇರಿದ್ರೆ ನನ್ನ ಹರಿಗೋಲು ತಡೆಯಲ್ಲ. ಈಗಲೇ ಹೇಳಿದೀನಿ."

ಐದನೆಯದು

ಹೊತ್ತು ಇಳಿಯುತ್ತಿತ್ತು. ದೀಪ ಹಚ್ಚುವ ಹೊತ್ತಾದರೆ ಹರಿಗೋಲು ಬಿಡುವುದಿಲ್ಲ ಎಂದು ಆತ ಖಂಡಿತವಾಗಿ ಹೇಳಿದ್ದ. ಕೊನೆಯ ಸುತ್ತಿಗೆಂದು ಸೈಕಲ್ ಹತ್ತಿದೆ, ಗುಡಿಯ ಮುಂದೆಯೇ ಜಾಲಿಮುಳ್ಳು ಚುಚ್ಚಿ ಟ್ಯೂಬು ಉಸ್ಸೆಂದಿತು. ನಡೆದು ಮುಗಿಸೋಣವೆಂದರೆ ನಾಲ್ಕು ಹೆಜ್ಜೆಗೇ ಸುಸ್ತಾಗಿ ಕಲ್ಲಿನ ಮೇಲೆ ಕೂತೆ. ಜ್ವರ ಬಿಟ್ಟು ಹೋದರೂ ತನ್ನ ಗುರುತು ಬಿಟ್ಟು ಹೋಗಿತ್ತು.

"ನನ್ನ ಹಿಂದೆ ಕುಂತ್ಕಳ್ರಿ ಅಣ್ಣ, ಹೋಗಾಣ" ಎಂದ ಟೈಲರ್. ಮೇಷ್ಟ್ರು ಪಂಕ್ಚರ್ ಆದ ಸೈಕಲ್ ಕಾಯುತ್ತ ಗುಡಿಯಲ್ಲಿ ಉಳಿದರು. ಪೂಜಾರಪ್ಪ ಕೊನೆಯ ಸುತ್ತೆಂದು ಹನುಮಪ್ಪನ ಕೊರಳಿನ ಹಾರವನ್ನೇ ತೆಗೆದು ನನ್ನ ಕೊರಳಿಗೆ ಹಾಕಿ, ಹಣೆಗೆ ಸಿಂಧೂರ ಬಳಿದು ಕಳಿಸಿದ.

ಟೈಲರ್ ಕಡ್ಡಿಯಂಥ ಮನುಷ್ಯ, ನಾನೋ ಜ್ವರ ಬಿಟ್ಟ ಮೇಲೆ ವರ್ಷವಿಡೀ ಪಥ್ಯದ ಹೆಸರಿನಲ್ಲಿ ಚೆನ್ನಾಗಿ ಉಂಡವನು. ಏರು ಬಂದ ಕಡೆ ಅವನಿಂದ ತುಳಿಯಲು ಆಗಲಿಲ್ಲ. ನಾನು ಇಳಿಯುತ್ತೇನೆಂದರೆ ಒಪ್ಪಲಿಲ್ಲ. "ಬಿದ್ಗಿದ್ದೀರಾ, ಸುಮ್ನಿರ್ರಿ" ಎಂದು ತಾನೇ ಇಳಿದು, ನನ್ನನ್ನು ಕೂರಿಸಿಕೊಂಡೇ ತಳ್ಳತೊಡಗಿದ. ನಾನು ಹಾರ ಹಾಕಿಕೊಂಡು, ಸಿಂಧೂರ ಇಟ್ಟುಕೊಂಡು, ಕುಚ್ಚು ಅಲುಗುವ ಸೈಕಲ್ಲಿನ ಮೇಲೆ ಅಲುಗದೆ ಕೂತು, ಹಾಗೇ ದಡದ ಕಡೆಗೆ ಬಂದೆ. ಸಂಜೆಯ ಬೆಳಕು. ಹರಿಗೋಲಿನವ ದಡಬಡನೆ ಎದ್ದು, ತಲೆಯ ಟವೆಲ್ ತೆಗೆದು, ಕೈ ಮುಗಿದ. ಹತ್ತಿರ ಬಂದ ಮೇಲೆ ಗುರುತು ಸಿಕ್ಕಿತು.

"ಇದೇನ್ರಿ ಯಜಮಾನ್ರೆ! ನಾಕು ಸುತ್ತು ಭಕ್ತರಾಗಿದ್ರಿ, ಐದನೇದಕ್ಕೆ ನೀವೇ ಉತ್ಸವಮೂರ್ತಿ ಆಗಿಬಿಟ್ರಲ್ಲ!"

ಯಾರ ಸುತ್ತು ಯಾರಿಗೆ

ಭಾನುವಾರ ಮಧ್ಯಾಹ್ನ ಮನೆ ಸೇರಿದೆವು. ನನ್ನ ಮನೆಯವಳು ಮೂವರಿಗೂ ಮಜ್ಜಿಗೆ ಕೊಟ್ಟು, ಕಂಬಕ್ಕೆ ಒರಗಿ ನಿಂತು ಕೇಳಿದಳು.

"ಐದೂ ಆಯ್ತಾ?"

"ಆಯ್ತು."

"ಬಲಗಡೆಯಿಂದ್ಲೇ ತಾನೆ?"

"ಹೂಂ. ಒಂದು ಸಲವೂ ತಿರುಗಲಿಲ್ಲ."

"ಐದೂ ನೀವೇ ತುಳಿದ್ರಾ?"

ನಾನು ಮಜ್ಜಿಗೆ ಲೋಟ ಕೆಳಗಿಟ್ಟೆ. ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಅವಳು ಕೋಪ ಮಾಡಲಿಲ್ಲ. ರಾಗಿ ಅಳೆಯುವಾಗ ಯೋಚಿಸುವ ಹಾಗೆ ಒಂದು ಕ್ಷಣ ಯೋಚಿಸಿ ತೀರ್ಪು ಕೊಟ್ಟಳು.

"ಕಷ್ಟ ಯಾರು ಪಟ್ರೋ ಸುತ್ತು ಅವರದು. ನಾಕು ನಿಮ್ದು, ಐದನೇದು ಟೈಲರಣ್ಣಂದು. ಇನ್ನೊಂದು ನೀವು ಹಾಕ್ಬೇಕು."

ನ್ಯಾಯವಾದ ಮಾತು. ಒಂದೇ ತಾನೆ ಎಂದು ನನಗೆ ಹಗುರವೂ ಆಯಿತು. ಮುಂದಿನ ಶನಿವಾರವೇ ಹೋಗಿ ಆ ಒಂದನ್ನು ನಾನೇ ತುಳಿದು ಮುಗಿಸಿ ಬಂದೆ. ಆದರೆ ಆ ಗಳಿಗೆಯಲ್ಲಿ ನನ್ನ ಪಕ್ಕದಲ್ಲಿ ಮೇಷ್ಟ್ರು ಮುಖ ಬಿಳಿಚಿಕೊಂಡು ಕೂತಿದ್ದರು.

"ಅಕ್ಕಾರೆ..." ಎಂದರು ಮೆಲ್ಲಗೆ. "ನಾನು ನಾಕು ಸುತ್ತೂ ಕ್ಯಾರಿಯರ್ ಮೇಲೇ ಕುಂತಿದ್ದೆ."

"ಕುಂತಿದ್ರೇನಾಯ್ತು? ನಿಮ್ದೇನು ಹರಕೆ ಇರಲಿಲ್ವಲ್ಲ ಮೇಷ್ಟ್ರೆ."

ಮೇಷ್ಟ್ರು ತಲೆ ತಗ್ಗಿಸಿದರು. "ಒಳಗೊಳಗೇ ಬೇಡ್ಕಂಡಿದ್ದೆ. ಹೊಸದುರ್ಗಕ್ಕೆ ವರ್ಗ ಆಗ್ಲಿ ಅಂತ."

ಅವಳಿಗೆ ಪಾಪ ಅನ್ನಿಸಿತು. ಆದರೂ ತೀರ್ಪು ಬದಲಿಸಲಿಲ್ಲ. "ಅವೂ ಟೈಲರಣ್ಣನಿಗೇ ಹೋದ್ವು" ಎಂದಳು.

"ನಂಗೇನೂ ಬ್ಯಾಡ ಅತ್ತಿಗೆ, ಅವರೇ ಇಟ್ಕಳ್ಳಿ" ಎಂದು ಟೈಲರ್ ಗೋಗರೆದ. ಅದು ಕೊಡುವ ತೆಗೆದುಕೊಳ್ಳುವ ವಸ್ತುವಲ್ಲ ಎಂದು ಅವಳು ಒಳಗೆ ಹೋದಳು.

ನಾವೆಲ್ಲ ನಕ್ಕು ಮರೆತೆವು. ಮೂರು ತಿಂಗಳಾಯಿತು. ಹೊಸದುರ್ಗದ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಟೈಲರನ ಸೋದರಮಾವ ಮುದಿತನವೆಂದು ಊರಿಗೆ ಮರಳಿದ. ಮೆಷಿನ್ನು, ಬೋರ್ಡು, ಗಿರಾಕಿಗಳ ಸಮೇತ ಅಂಗಡಿಯನ್ನು ಅಳಿಯನ ಕೈಗೆ ಕೊಟ್ಟ. ಏನನ್ನೂ ಬೇಡದ ಟೈಲರ್ ಹೆಂಡತಿ, ಸಾಮಾನು, ಕುಚ್ಚಿನ ಸೈಕಲ್ಲು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೊಸದುರ್ಗಕ್ಕೆ ಹೊರಟ. ಮೇಷ್ಟ್ರು ಶಾಲೆಯ ಬಾಗಿಲಲ್ಲಿ ನಿಂತು ಆ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದರು.

ಮಾರನೆಯ ದಿನ ಬೆಳಿಗ್ಗೆ ನಾನು ಪೂಜೆಗೆ ಕೂರುವ ಹೊತ್ತಿಗೆ ಮೇಷ್ಟ್ರು ನಮ್ಮ ಅಂಗಳದಲ್ಲಿ ನಿಂತಿದ್ದರು. ಪಂಚೆ ಎತ್ತಿ ಕಟ್ಟಿದ್ದರು, ಚಪ್ಪಲಿ ಬಿಟ್ಟಿದ್ದರು.

"ಪೂಜೆ ನಿಧಾನವಾಗಿ ಮುಗಿಸ್ರಿ, ಅವಸರ ಇಲ್ಲ" ಎಂದರು. "ಆಮೇಲೆ ನಿಮ್ಮ ಸೈಕಲ್ಲನ್ನ ಹಿಂದಿನಿಂದ ಸ್ವಲ್ಪ ಹಿಡ್ಕಂಡಿರ್ಬೇಕು. ನಾನು ಕಲೀಬೇಕು."