ಅತ್ತೆ ಬಿತ್ತದ ತೋಟ

ನನ್ನ ಸೋದರತ್ತೆ ಜೀವಮಾನದಲ್ಲಿ ಒಂದೇ ಒಂದು ಬೀಜ ಬಿತ್ತಿದವಳಲ್ಲ. ಆದರೂ ಬಿಳೂರಿನಲ್ಲಿ ಅವಳಷ್ಟು ದೊಡ್ಡ ತೋಟಗಾರ್ತಿ ಇನ್ನೊಬ್ಬಳಿರಲಿಲ್ಲ! ಇದು ಹೇಗೆ ಸಾಧ್ಯ ಎನ್ನುತ್ತೀರಾ? ಅರವತ್ತರ ದಶಕದಲ್ಲಿ ಒಂದು ಮಳೆಗಾಲ ನಮ್ಮ ಅಂಗಳದಲ್ಲಿ ಓಡಾಡಿದ್ದರೆ ನೀವು ಹೀಗೆ ಕೇಳುತ್ತಿರಲಿಲ್ಲ. ಓಡಾಡಲು ಜಾಗ ಸಿಕ್ಕಿದ್ದರೆ, ಅನ್ನಿ.

ಅವಳು ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದಳು. ಬಂದವಳು ಒಂದೇ ಒಂದು ಕಾನೂನು ಜಾರಿ ಮಾಡಿದಳು: ತಾನಾಗಿ ಹುಟ್ಟಿದ ಗಿಡವನ್ನು ಯಾರೂ ಕೀಳಬಾರದು. ಯಾರಾದರೂ ಕೈ ಹಾಕಿದರೆ ಮುಗಿಯಿತು.

"ಅದು ಎಷ್ಟ್ ತ್ರಾಸ ತಗೊಂಡು ಬಂದಿರ್ತೈತಿ ಗೊತ್ತೈತೇನ್? ನೀನೂ ಒಂದಿನ ತಲೀಲೆ ನೆಲ ಒಡದು ಮ್ಯಾಲ ಬಾ, ನೋಡೂಣು!"

ಈ ಸವಾಲು ಕೇಳಿದರೆ ಅಪ್ಪ ಕುಡುಗೋಲು ಕೆಳಗಿಟ್ಟು ಒಳಗೆ ನಡೆಯುತ್ತಿದ್ದ.

ಒಂದು ವರ್ಷ ದಸರೆಗೆ ಬಾಗಿಲಿಗೆ ಕಟ್ಟಿದ್ದ ಚೆಂಡುಹೂವಿನ ಮಾಲೆ ಒಣಗಿತೆಂದು ಅಮ್ಮ ಮೂಲೆಗೆ ಎಸೆದಳು. ಮುಂದಿನ ಮಳೆಗೆ ಗಿಡ ಎದ್ದಿತು. ಮೂಲೆಯಲ್ಲಲ್ಲ, ಅಂಗಳದ ನಟ್ಟನಡುವೆ, ಸೊಂಟದೆತ್ತರ! ಬಾಗಿಲಿಗೆ ದಾರಿಯೇ ಉಳಿಯಲಿಲ್ಲ. ಪೋಸ್ಟಮನ್ ಬಂದರೆ ಅತ್ತೆ ಕಟ್ಟೆಯ ಮೇಲಿಂದಲೇ ಕೂಗುವಳು: "ಅಲ್ಲೇ ನಿಂದ್ರೋ ತಮ್ಮಾ! ಒಳಗ ಬಂದ್ರ ಗಿಡ ತುಳೀತಿ. ಅಲ್ಲಿಂದನ ಓದು."

ಪಾಪ, ಅವನು ಓಣಿಯಲ್ಲಿ ನಿಂತು ಕಾರ್ಡನ್ನು ಗಟ್ಟಿಯಾಗಿ ಓದುವನು. ಹೀಗಾಗಿ ನನ್ನ ಸೋದರಮಾವನಿಗೆ ಮಗಳು ಹುಟ್ಟಿದ ಸುದ್ದಿ ಹಿತ್ತಲಲ್ಲಿದ್ದ ಅಮ್ಮನಿಗೆ ತಲುಪಿದ್ದು, ಇಡೀ ಓಣಿ ಸಿಹಿ ಕೇಳಿಕೊಂಡು ಬಂದ ಮೇಲೆ!

ಮರುವರ್ಷ ಬಚ್ಚಲ ನೀರು ಹೊರಗೆ ಬೀಳುವ ಜಾಗದಲ್ಲಿ ಒಂದು ಟೊಮೆಟೊ ಗಿಡ ಕಾಣಿಸಿಕೊಂಡಿತು. ಅತ್ತೆ ಅಪ್ಪನನ್ನು ಬಚ್ಚಲ ಬಾಗಿಲಲ್ಲೇ ತಡೆದಳು. "ಸಾಬಣ ಹಚ್ಚಬ್ಯಾಡೋ. ಅದರ ಬೇರು ಸುಡತಾವ. ಕಡ್ಲಿಹಿಟ್ಟು ಹಚ್ಕೊ."

ಅಪ್ಪ ಹತ್ತಿರದ ಜತ್ತ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಎರಡು ತಿಂಗಳು ಕಡಲೆಹಿಟ್ಟಿನಲ್ಲಿ ಮಿಂದು ಗಾದಿಯ ಮೇಲೆ ಕೂತ. ಬಂದ ಗಿರಾಕಿಗಳು ಮೂಗೆತ್ತಿ ಸುತ್ತ ನೋಡುತ್ತಿದ್ದರಂತೆ: "ಸಾವಕಾರ್ರ, ಇಲ್ಲೆಲ್ಲೋ ಭಜಿ ಕರ್ಯಾಕ ಹತ್ಯಾರಲ್ರಿ?" ಇಷ್ಟೆಲ್ಲ ತ್ಯಾಗಕ್ಕೆ ಗಿಡ ಕೊಟ್ಟದ್ದು ಎರಡು ಹಣ್ಣು. ಒಂದನ್ನು ಗಿಣಿ ತಿಂದಿತು.

ಗುಲಬಾಕ್ಷಿಯದಂತೂ ಬೇರೆಯೇ ಕಥೆ. ಸಂಜೆ ಅರಳುವ ಈ ಹೂವು ನಮ್ಮ ಮನೆಯಲ್ಲಿ ಕೆಂಪು, ಪಕ್ಕದ ಮನೆಯಲ್ಲಿ ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಹೆಂಗಸಿನ ಅಂಗಳದಲ್ಲಿ ಹಳದಿ. ಒಂದು ಸಲ ನಡುಗೋಡೆಯ ಬುಡದಲ್ಲಿ, ನಮ್ಮ ಕಡೆ, ಹೊಸ ಗಿಡ ಎದ್ದಿತು. ಒಂದೇ ಗಿಡದಲ್ಲಿ ಕೆಂಪು ಹೂ, ಹಳದಿ ಹೂ, ಎರಡೂ ಬಣ್ಣದ ಪಟ್ಟೆಯ ಹೂ! ಕಾಕು ಸೆರಗು ಬಿಗಿದುಕೊಂಡು ಬಂದಳು.

"ನಮ್ಮ ಹಳದಿ ಬೀಜ ಕದ್ದೀರೇನ್ರಿ?"

"ಕದಿಯೂದ್ಯಾಕ್ರಿ? ಅವು ತಮ್ಮಷ್ಟಕ್ಕ ತಾವ ಬೀಗತನ ಮಾಡ್ಯಾವ. ಇನ್ಮ್ಯಾಲ ನಾವೂ ನೀವೂ ಬೀಗರು!"

ಅಂದಿನಿಂದ ಅತ್ತೆ ಅವಳನ್ನು ಬೀಗತಿ ಎಂದೇ ಕರೆದಳು, ಹೋಳಿಗೆ ಮಾಡಿದಾಗಲೆಲ್ಲ ಬೀಗರ ಪಾಲು ಕಳಿಸಿದಳು. ಕಾಕು ಮೊದಲು ಸಿಡುಕಿದಳು. ಹೋಳಿಗೆ ನೋಡಿದ ಮೇಲೆ ಸಂಬಂಧ ಒಪ್ಪಿಕೊಂಡಳು.

ಇಷ್ಟರಲ್ಲಿ ನನ್ನನ್ನು ನೋಡಲು ಗಂಡಿನವರು ಬರುವ ವಯಸ್ಸಾಯಿತು. ಆ ವರ್ಷವೇ ಮಾಳಿಗೆಯ ಮಣ್ಣಿನ ಚಾವಣಿಯಲ್ಲಿ, ಒಣಗಲು ಹಾಕಿದ್ದ ಯಾವುದೋ ಬೀಜದಿಂದ, ಒಂದು ಕುಂಬಳಬಳ್ಳಿ ಹುಟ್ಟಬೇಕೆ! ಅದು ಮಾಳಿಗೆಯಿಂದ ಕೆಳಗಿಳಿದು, ಸರಿಯಾಗಿ ತಲೆಬಾಗಿಲ ನಡುವೆ ಒಂದು ಕಾಯಿ ಬಿಟ್ಟಿತು. ನಮಗೆಲ್ಲ ತಗ್ಗಿ ಹೋಗುವ ರೂಢಿಯಾಗಿತ್ತು. ಮೊದಲು ಬಂದ ಗಂಡಿನವರಿಗೆ ಈ ರೂಢಿ ಎಲ್ಲಿಂದ ಬರಬೇಕು? ಹುಡುಗನ ತಂದೆ ಆರಡಿ ಆಳು. ಅವರ ಹಣೆಗೂ ಕುಂಬಳಕಾಯಿಗೂ ನಡೆದ ಭೇಟಿಯ ಸದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು!

ನಾನು ನಕ್ಕೆ. ಆದರೆ ಅವರ ಜೊತೆಗೆ ಬಂದಿದ್ದ ಹಿರಿಯ ಹೆಂಗಸು ನಗಲಿಲ್ಲ. ಬಾಗಿಲಲ್ಲಿ ಎದುರುಗೊಳ್ಳಲು ನಿಂತಿದ್ದ ಅತ್ತೆಯ ಬೋಳು ಹಣೆಯನ್ನು ನೋಡಿ, "ಎದುರಿಗೆ ಬಂದಾಕಿ ಇಂಥಾಕಿ ಆದ್ರ ಮತ್ತೇನಾಗ್ತೈತಿ?" ಎಂದಳು. ಬಂದವರು ಚಹಾ ಕೂಡ ಕುಡಿಯದೆ ತಿರುಗಿ ಹೋದರು.

ಎಂಟು ದಿನಕ್ಕೆ ಬಾಲಗಾಂವ ಎಂಬ ಊರಿನ ಗಂಡಿನವರು ಬರುತ್ತೇವೆಂದು ಹೇಳಿ ಕಳಿಸಿದರು. ಅಮ್ಮ ಕೈಮುಗಿದು ಕೇಳಿದಳು: "ಅಕ್ಕಾರ, ಆ ಕಾಯಿ ಒಂದ್ ಕೊಯ್ದುಬಿಡ್ರಿ." ಅತ್ತೆ ಬಾಗಿಲಿಗೆ ಹೋಗಿ ಕಾಯಿಯನ್ನು ಒಮ್ಮೆ ಸವರಿ ಬಂದಳು.

ಅವರು ಬರುವ ದಿನ ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲು ಬಯಲಾಗಿತ್ತು. ಕೊಯ್ದಳಪ್ಪಾ ಎಂದು ಅಮ್ಮ ಉಸಿರು ಬಿಟ್ಟಳು. ಹೊರಗೆ ಬಂದರೆ, ಅತ್ತೆ ಬಳ್ಳಿಯನ್ನು ಪಕ್ಕಕ್ಕೆ ಸರಿಸಿಕೊಂಡು, ಕಟ್ಟೆಯ ತುದಿಯಲ್ಲಿ ಕುಂಬಳಕಾಯಿಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು! ಎಬ್ಬಿಸುವಷ್ಟರಲ್ಲಿ ಗಂಡಿನವರು ಬಂದೇಬಿಟ್ಟರು.

"ಇದೇನ್ರಿ ಇದು?" ಎಂದರು ಹುಡುಗನ ತಾಯಿ.

"ಕುಂಬಳಕಾಯ್ರಿ. ಕೈ ಬಿಟ್ರ ತೊಟ್ಟು ಮುರೀತೈತಿ. ನೀವು ಒಳಗ ನಡೀರಿ, ಹುಡುಗಿ ಭಾಳ ಚಲೋ ಅದಾಳ."

ಎಲ್ಲರೂ ನಗುತ್ತಲೇ ಒಳಗೆ ಬಂದರು. ಅವಲಕ್ಕಿ ಆಯಿತು, ಚಹಾ ಆಯಿತು. ಹುಡುಗನ ತಾಯಿ ನನ್ನನ್ನು ಕೇಳಿದರು: "ಹೊರಗ ಕುಂತಾರಲ್ಲ, ಅವರು ಯಾರವ್ವಾ?"

"ನಮ್ಮ ಅತ್ತಿ ಅದಾರ್ರಿ."

"ಹೋಗು, ಕರ್ಕೊಂಡು ಬಾ."

ಹೋದೆ. ಅತ್ತೆಯ ಮುಖಕ್ಕೆ ಬಿಸಿಲು ಹೊಡೆಯುತ್ತಿತ್ತು. ಕಾಯಿಯನ್ನು ಎತ್ತಲು ಬಗ್ಗಿದವಳು ತೊಟ್ಟು ನೋಡಿದೆ. ಅದು ಯಾವಾಗಲೋ ಮುರಿದಿತ್ತು, ತುದಿ ಒಣಗಿತ್ತು.

"ಅತ್ತಿ, ಇದು ಮುರದೈತಲ್ಲ! ಮತ್ತ ಯಾಕ ಹಿಡ್ಕೊಂಡು ಕುಂತಿ?"

"ಸಾವಕಾಶ ಮಾತಾಡು." ಅವಳು ಬಾಗಿಲ ಕಡೆ ನೋಡಿದಳು. "ಕಾಯಿ ಸಲುವಾಗಿ ಹೊರಗ ಕುಂತಾಳ ಅಂದ್ರ ನಗತಾರ, ಅಷ್ಟ. ನಕ್ಕೋತ ಒಳಗ ಹೋಗಲಿ. ಈ ಸಲಾನೂ ನನ್ನ ಮಾರಿ ನೋಡಿ ತಿರುಗಿ ಹೋದ್ರ ಏನ್ ಮಾಡ್ತಿ?"

ಕಾಯಿಯನ್ನು ಕೆಳಗಿಟ್ಟು ಅವಳ ಕೈ ಹಿಡಿದು ಎಬ್ಬಿಸಿದೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದವಳು ಬಾಗಿಲ ಚೌಕಟ್ಟಿನ ಹತ್ತಿರವೇ ನಿಂತುಬಿಟ್ಟಳು. ಹುಡುಗನ ತಾಯಿ ಜಮಖಾನೆಯ ಮೇಲೆ ಸರಿದು ಜಾಗ ಮಾಡಿದರು.

"ಬರ್ರಿ ಅಕ್ಕಾರ, ನನ್ನ ಮಗ್ಗಲಾಗ ಕುಂದ್ರಿ."

ಅತ್ತೆ ಕೂತಳು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು.

ಬಾಲಗಾಂವದವರು ನನ್ನನ್ನು ಒಪ್ಪಿದ ಸುದ್ದಿ ಬಂದದ್ದು ಎರಡು ದಿನ ಬಿಟ್ಟು. ನಾನು ಅವರನ್ನು ಒಪ್ಪಿದ್ದು ಮಾತ್ರ ಆ ಗಳಿಗೆಯಲ್ಲೇ.