ಬೇಡ ಎನ್ನುವ ಡ್ರೈವ್

ಶಿರಸಿಯಲ್ಲಿ ಓಬೀರಾಯನ ಕಾಲದ ಕಂಪ್ಯೂಟರ್ ರಿಪೇರಿ ಮಾಡುವವನು ನಾನೊಬ್ಬನೇ ಉಳಿದಿರುವುದರಿಂದ ವಿಚಿತ್ರಗಳೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ. ನಂದೊಳ್ಳಿ ಕಡೆಯ ಭಟ್ಟರೊಬ್ಬರ ಕಂಪ್ಯೂಟರಂತೂ ನನ್ನ ಬೆನ್ನು ಬಿಟ್ಟಿರಲಿಲ್ಲ. ಅವರು ಜಾತಕ ಕೂಡಿಸುವ ಪ್ರೋಗ್ರಾಂ ಇದ್ದದ್ದು ಫ್ಲಾಪಿ ಡಿಸ್ಕಿನಲ್ಲಿ. ಅದನ್ನು ಓದಲು ಹೊರಗಿನಿಂದ ವೈರು ಸಿಕ್ಕಿಸಿದ ಒಂದು ಡ್ರೈವ್. ನನಗಾಗ ಮೂವತ್ತಾರು, ಮದುವೆಯಾಗಿರಲಿಲ್ಲ. ಹೆಣ್ಣು ಹುಡುಕಿಕೊಡುತ್ತೇನೆಂದು ಭಟ್ಟರು ಮಾತು ಕೊಟ್ಟಿದ್ದರಿಂದ, ಕರೆದಾಗಲೆಲ್ಲ ಬೈಕ್ ಹತ್ತುತ್ತಿದ್ದೆ.

ಅಕ್ಷತೆ

ದಸರೆ ಮುಗಿದ ಮರುದಿನ, ಡ್ರೈವ್ ಕರಕರ ಅನ್ನುತ್ತಿದೆ ಎಂದು ಫೋನು ಬಂತು. ಹೋಗಿ ಬಿಚ್ಚಿ ಬೋರಲು ಹಾಕಿದೆ. ಅರಿಶಿನ ಹಚ್ಚಿದ ಅಕ್ಕಿಕಾಳು ಉದುರಿದವು, ಹಿಂದೆಯೇ ದಾಸವಾಳದ ಎಸಳು. ಆಯುಧಪೂಜೆಯ ಅಕ್ಷತೆಯನ್ನು ಒಳಗೇಕೆ ಹಾಕಿದಿರಿ ಎಂದೆ.

"ಉಳಿದ ಮೆಷಿನ್ನಿಗೆಲ್ಲ ತಲೆ ಮೇಲೆ ಹಾಕಿದ್ದೆ ತಮಾ. ಇದ್ಕೆ ಬಾಯಿ ಇದ್ದಲ" ಎಂದು ಡಿಸ್ಕು ತೂರಿಸುವ ಸೀಳು ತೋರಿಸಿದರು.

ಸರಿಹೋದ ಖುಷಿಗೆ ಅಲ್ಲೇ ನನ್ನ ಜಾತಕವನ್ನು ಒಂದು ಹೆಣ್ಣಿನ ಜಾತಕದೊಡನೆ ಹಾಕಿ ನೋಡಿದರು. ಕೂಡುವುದಿಲ್ಲ ಎಂದಿತು. ಅಕ್ಷತೆ ಹೆಕ್ಕಿದ ಕೈಗೆ ಸಿಕ್ಕ ಆಶೀರ್ವಾದ ಅದು.

ಹಪ್ಪಳ

ಮುಂದಿನ ಬೇಸಿಗೆಯಲ್ಲಿ, ಡ್ರೈವ್ ಡಿಸ್ಕನ್ನೇ ಓದುತ್ತಿಲ್ಲ ಎಂದರು. ಹೋಗಿ ನೋಡಿದರೆ ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳಗಳ ನಡುವೆ ಡಿಸ್ಕುಗಳೂ ಒಣಗುತ್ತಿದ್ದವು. ಬೂಷ್ಟು ಹಿಡಿದಿತ್ತು, ಬಿಸಿಲಿಗೆ ಹಾಕಿದೆ ಅಂದರು ಭಟ್ಟರ ಹೆಂಡತಿ. ಬಿಸಿಲಿಗೆ ಹಾಳಾಗುತ್ತವೆ ಎಂದು ರೇಗಿದೆ.

"ಎಂತೂ ಹಾಳಾಜಿಲ್ಲೆ. ಕಾಗೆ ಎರಡು ಹಪ್ಪಳ ಒಯ್ತು, ಇದ್ರ ಮುಟ್ಟಿದ್ದೇ ಇಲ್ಲೆ."

ಡಿಸ್ಕು, ಡ್ರೈವು ಎರಡನ್ನೂ ಒರೆಸಿ ಮತ್ತೆ ಓಡುವಂತೆ ಮಾಡಿದೆ. ಸಂಜೆಯೊಳಗೆ ಅದು ನನಗೆ ಇನ್ನೂ ಮೂರು ಹೆಣ್ಣುಗಳನ್ನು ಬೇಡ ಎಂದಿತು. ಹಪ್ಪಳದ ಬದಲು ಕಾಗೆ ಡಿಸ್ಕನ್ನೇ ಒಯ್ದಿದ್ದರೆ ಚೆನ್ನಾಗಿತ್ತು ಎನಿಸಿತು.

ವೈರು

ಕೊನೆಗೆ ಸಿದ್ದಾಪುರದ ಹೆಣ್ಣೊಬ್ಬಳು ತಂದೆಯ ಜೊತೆ ಜಾತಕ ಹಿಡಿದು ಭಟ್ಟರ ಮನೆಗೆ ಬಂದಳು. ವರ ನಾನೇ. ಜಾತಕ ಕೂಡಿದರೆ ಮಾತ್ರ ಗಂಡು ನೋಡುವುದು ಎಂದು ತಂದೆಯ ಹಟ. ಆ ಡ್ರೈವಿನ ಬಾಯಲ್ಲಿ ನನ್ನ ಮಟ್ಟಿಗೆ ಬೇಡ ಬಿಟ್ಟು ಬೇರೆ ಮಾತಿಲ್ಲ ಎಂಬುದು ಅಷ್ಟರಲ್ಲಿ ಮೂರು ತಾಲೂಕಿಗೂ ಗೊತ್ತಾಗಿತ್ತು. ಆದರೆ ಅವತ್ತು ಅದು ಮಾತೇ ಆಡಲಿಲ್ಲ. ಭಟ್ಟರು ನನ್ನನ್ನೇ ಕರೆಸಿದರು.

ಅವರೆದುರು ಸ್ಕ್ರೂಡ್ರೈವರ್ ಹಿಡಿದು ಕೂತೆ. ಸರಿ ಮಾಡದಿದ್ದರೆ ಕಸುಬು ಬಾರದ ಗಂಡು. ಸರಿ ಮಾಡಿದರೆ ಗಂಡೇ ಅಲ್ಲ. ಅತ್ತ ದರಿ, ಇತ್ತ ಪುಲಿ. ಮೇಜಿನ ಕೆಳಗೆ ನುಸುಳಿ ನೋಡಿದರೆ ಡ್ರೈವಿನ ವೈರು ಕಿತ್ತು ಬಿದ್ದಿದೆ, ಅಷ್ಟೇ. ಸಿಕ್ಕಿಸಲು ಕೈ ಬರಲಿಲ್ಲ. ಎದ್ದು ಧೂಳು ಕೊಡವಿ, ಇದು ಇನ್ನು ರಿಪೇರಿ ಆಗುವಂಥದ್ದಲ್ಲ ಎಂದೆ. ಕಸುಬಿನಲ್ಲಿ ನಾನು ಹೇಳಿದ ಮೊದಲ ಸುಳ್ಳೇನಲ್ಲ, ಆದರೆ ದುಡ್ಡಿಗಲ್ಲದೆ ಹೇಳಿದ್ದು ಅದೊಂದೇ.

ಭಟ್ಟರು ಬೆರಳು ಮಡಚಿ ಲೆಕ್ಕ ಹಾಕಿದರು. ಕೂಡುತ್ತದೆ ಎಂದರು.

ಮದುವೆಯಾಗಿ ತಿಂಗಳಾದ ಮೇಲೆ ಹೆಂಡತಿಯ ಮುಂದೆ ತಪ್ಪೊಪ್ಪಿಕೊಂಡೆ. ಅವಳು ನಕ್ಕುಬಿಟ್ಟಳು. ವೈರು ಕಿತ್ತವಳು ಅವಳೇ ಅಂತೆ. ಡ್ರೈವ್ ನಿಂತರೆ ರಿಪೇರಿಗೆ ನಾನೇ ಬರಬೇಕು, ಜಾತಕಕ್ಕಿಂತ ಮೊದಲು ಗಂಡನ್ನು ನೋಡಿದ ಹಾಗಾಯಿತು ಎಂಬುದು ಅವಳ ಲೆಕ್ಕ.

ಬೀಗುತ್ತಲೇ ಕೇಳಿದೆ, ನಾನು ಹಿಡಿಸದೇ ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು.

"ಎಂತ ಮಾಡದು? ಆನೇ ಕೈಯಾರೆ ವೈರು ಸಿಕ್ಕಿಸಿ ಕೊಡ್ತಿದ್ದೆ" ಎಂದಳು.